ಜೇಮಿ ಆಲಿವರ್, 37 ಪೆನ್ಸ್ ಮತ್ತು ಬೇಲಿಯಾಚೆಯ ಅಮ್ಮಂದಿರು

ಜೇಮಿ ಆಲಿವರ್ ಬಗ್ಗೆ ಮಾತಾಡೋರು ಎರಡೇ ಥರ. ಒಂದು ಗುಂಪಿಗೆ ಆತ ಇಂಗ್ಲೆಂಡಿನ ಮಕ್ಕಳನ್ನೆಲ್ಲ ಉದ್ಧಾರ ಮಾಡಿದ ಪುಣ್ಯಾತ್ಮ. ಇನ್ನೊಂದು ಗುಂಪಿಗೆ ಆತ ಕೋಟಿಗಟ್ಟಲೆ ದುಡ್ಡು ಮಾಡಿಕೊಂಡು ಬಡವರಿಗೆ "ತರಕಾರಿ ತಿನ್ರಪ್ಪಾ" ಅಂತ ಉಪದೇಶ ಮಾಡೋ ಡೋಂಗಿ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಈ ಜಗಳ ನಡೆದಿದೆ. ಪಿಜ್ಜಾ ತಿನ್ನುತ್ತಲೇ ನಡೆದಿದೆ, ಅದು ಬೇರೆ ಮಾತು :)

ನನಗೆ ಎರಡೂ ಪಾರ್ಟಿಯವರ ಮೇಲೆ ತಕರಾರಿದೆ. ಇಬ್ಬರೂ ಆ ಮನುಷ್ಯನ ಮುಖ ನೋಡ್ತಾರೆ, ಅವನ ಕೆಲಸ ನೋಡಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈತ ಸಾರ್ವಜನಿಕವಾಗಿ, ಕ್ಯಾಮರಾ ಮುಂದೆ, ಒಂದೇ ಪ್ರಯೋಗವನ್ನು ಎರಡು ವಿಧದಲ್ಲಿ ಮಾಡುತ್ತಾ ಬಂದಿದ್ದಾನೆ. ಒಂದು ವಿಧದಲ್ಲಿ ಜನರ ಅಡುಗೆಮನೆಗೆ ಹೋಗಿ ಅವರನ್ನು ತಿದ್ದೋದು. ಇನ್ನೊಂದರಲ್ಲಿ ಸರ್ಕಾರದ ಖಜಾನೆಗೂ ಫ್ಯಾಕ್ಟರಿಯ ಪಾತ್ರೆಗೂ ಕೈ ಹಾಕೋದು. ಮೊದಲನೆಯದು ಹೆಚ್ಚುಕಮ್ಮಿ ಪ್ರತಿ ಸಲ ಮುಗ್ಗರಿಸಿದೆ. ಎರಡನೆಯದು ಕೆಲಸ ಮಾಡಿದೆ. ಆದರೂ ಈವತ್ತಿಗೂ "ಆರೋಗ್ಯಕರ ಆಹಾರ" ಅಂದಕೂಡಲೇ ಜಗತ್ತಿನ ಎಲ್ಲ ಸರ್ಕಾರಗಳಿಗೂ ಕಂಪನಿಗಳಿಗೂ ನೆನಪಾಗೋದು ಮೊದಲನೆಯದೇ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹಿನ್ನೆಲೆ. ಹುಟ್ಟಿದ್ದು 1975ರಲ್ಲಿ. ಅಪ್ಪ ಅಮ್ಮ ಎಸೆಕ್ಸ್‌ನ ಕ್ಲೇವರಿಂಗ್ ಅನ್ನೋ ಹಳ್ಳಿಯಲ್ಲಿ ಪಬ್ ನಡೆಸ್ತಿದ್ದರು. ಡಿಸ್ಲೆಕ್ಸಿಯಾ ಇತ್ತು, ಓದು ತಲೆಗೆ ಹತ್ತಲಿಲ್ಲ, 16ಕ್ಕೇ ಶಾಲೆ ಬಿಟ್ಟು ಕೇಟರಿಂಗ್ ಕಾಲೇಜು ಸೇರಿದ. ಲಂಡನ್ನಿನ ರಿವರ್ ಕೆಫೆಯಲ್ಲಿ ಕೆಲಸ ಮಾಡ್ತಿದ್ದಾಗ 1997ರಲ್ಲಿ ಅಲ್ಲಿಗೆ ಶೂಟಿಂಗಿಗೆ ಬಂದ ಬಿಬಿಸಿಯವರ ಕಣ್ಣಿಗೆ ಬಿದ್ದ. 1999ರಲ್ಲಿ 'ದಿ ನೇಕೆಡ್ ಶೆಫ್' ಶುರುವಾಯ್ತು (ಬೆತ್ತಲಾಗಿದ್ದು ಅಡುಗೆ, ಅವನಲ್ಲ). 2000ದಿಂದ 2011ರವರೆಗೆ ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್ಟಿನ ಜಾಹೀರಾತಿನ ಮುಖ. 2002ರಲ್ಲಿ ಕೆಲಸವಿಲ್ಲದ ಹುಡುಗ ಹುಡುಗಿಯರನ್ನು ಕರೆತಂದು ಅಡುಗೆ ಕಲಿಸಿ 'ಫಿಫ್ಟೀನ್' ಅನ್ನೋ ರೆಸ್ಟೊರೆಂಟ್ ತೆಗೆದ. ಇಲ್ಲಿವರೆಗೆ ಆರೋಗ್ಯದ ಮಾತು ಹೆಚ್ಚೇನೂ ಇಲ್ಲ. ಚೆನ್ನಾಗಿ ಅಡುಗೆ ಮಾಡೋ, ಬಾಯಿಬಡುಕ, ಒಳ್ಳೆ ಹುಡುಗ. ಅಷ್ಟೇ.

ಅಸಲಿ ಕಥೆ ಶುರುವಾಗೋದು 2005ರಲ್ಲಿ, ಚಾನೆಲ್ 4ರಲ್ಲಿ ಬಂದ 'ಜೇಮೀಸ್ ಸ್ಕೂಲ್ ಡಿನ್ನರ್ಸ್'ನಿಂದ. ಬರೀ ನಾಲ್ಕು ಕಂತು. ಲಂಡನ್ನಿನ ಗ್ರೀನಿಚ್ ಭಾಗದ ಕಿಡ್‌ಬ್ರೂಕ್ ಶಾಲೆಯ ಅಡುಗೆಮನೆಗೆ ಹೋಗ್ತಾನೆ. ಅಲ್ಲಿ ನೋರಾ ಸ್ಯಾಂಡ್ಸ್ ಅಂತ ಡಿನ್ನರ್ ಲೇಡಿ, ಅಂದರೆ ನಮ್ಮ ಬಿಸಿಯೂಟದ ಅಡುಗೆಯಮ್ಮಂದಿರ ಥರ, ಮುಖ್ಯ ಅಡುಗೆಯವರು. ಆಕೆ ಜೇಮಿಗೆ ಸೊಪ್ಪು ಹಾಕೋರಲ್ಲ. ಅಡುಗೆಮನೆಯಲ್ಲಿ ಇದ್ದದ್ದು ಏನು? ಫ್ರೀಜರಿನಿಂದ ತೆಗೆದು ಎಣ್ಣೆಗೆ ಬಿಡೋ ಸಾಮಾನು. ಅದರಲ್ಲಿ ಪ್ರಸಿದ್ಧವಾದದ್ದು ಬರ್ನಾರ್ಡ್ ಮ್ಯಾಥ್ಯೂಸ್ ಕಂಪನಿಯ 'ಟರ್ಕಿ ಟ್ವಿಜ್ಲರ್'. ಸ್ಪ್ರಿಂಗಿನ ಥರ ಸುತ್ತಿಕೊಂಡಿರೋ ಪದಾರ್ಥ. ಹೆಸರಲ್ಲಿ ಟರ್ಕಿ ಕೋಳಿ ಇದೆಯಲ್ಲ, ಅದರ ಪಾಲು ಮೂರರಲ್ಲಿ ಒಂದು ಭಾಗ ಮಾತ್ರ.

ಆದರೆ ಆ ಕಾರ್ಯಕ್ರಮದ ನಿಜವಾದ ವಿಲನ್ ಟ್ವಿಜ್ಲರ್ ಅಲ್ಲ ಸ್ವಾಮಿ. ಒಂದು ಸಂಖ್ಯೆ. 37 ಪೆನ್ಸ್. ಒಂದು ಮಗುವಿನ ಊಟದ ಸಾಮಾನಿಗೆ ಸಿಗ್ತಿದ್ದ ದುಡ್ಡು ಅದು. ಜಗತ್ಪ್ರಸಿದ್ಧ ಬಾಣಸಿಗ, ಇಟಲಿಯ ಅಡುಗೆಯನ್ನೆಲ್ಲ ಅರೆದು ಕುಡಿದವನು, ಆ 37 ಪೆನ್ಸಿನಲ್ಲಿ ನೆಟ್ಟಗೊಂದು ಊಟ ಹಾಕೋಕೆ ಒದ್ದಾಡಿಬಿಟ್ಟ. ಹಾಗಾದರೆ ನೋರಾ ಸ್ಯಾಂಡ್ಸ್ ಏನು ಮಾಡಬೇಕಿತ್ತು? ಅಲ್ಲಿವರೆಗೆ ಎಲ್ಲರೂ "ಅಡುಗೆಯವರಿಗೆ ಕಾಳಜಿ ಇಲ್ಲ, ಮಕ್ಕಳಿಗೆ ನಾಲಿಗೆ ಕೆಟ್ಟಿದೆ" ಅಂತಿದ್ದರು. ಹಸಿ ತರಕಾರಿ ತಂದು ಹೆಚ್ಚಿ ಬೇಯಿಸೋಕೆ ಗಂಟೆಗಳು ಬೇಕು, ಕೈಗಳು ಬೇಕು, ಆ ಕೈಗಳಿಗೆ ಸಂಬಳ ಬೇಕು. ಇದು ಯಾರ ಬಾಯಲ್ಲೂ ಬರ್ತಿರಲಿಲ್ಲ.

ಈ 37 ಪೆನ್ಸ್ ಆಕಾಶದಿಂದ ಉದುರಿದ್ದಲ್ಲ. ಇದಕ್ಕೊಂದು ಚರಿತ್ರೆ ಇದೆ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೈನ್ಯ ಸೇರೋಕೆ ಬಂದ ಯುವಕರಲ್ಲಿ ಎಷ್ಟೋ ಜನ ತೀರಾ ಕೃಶರಾಗಿದ್ದನ್ನು ನೋಡಿ ಬ್ರಿಟಿಷ್ ಸರ್ಕಾರ ಗಾಬರಿಯಾಯ್ತು. ಆ ಚರ್ಚೆಯ ಬೆನ್ನಿಗೆ 1906ರಲ್ಲಿ ಶಾಲಾ ಊಟದ ಮೊದಲ ಕಾನೂನು ಬಂತು (ಮಕ್ಕಳ ಮೇಲಿನ ಪ್ರೀತಿಗಿಂತ ಸಾಮ್ರಾಜ್ಯದ ಚಿಂತೆ ಜಾಸ್ತಿ ಇತ್ತೇನೋ!). 1944ರ ಶಿಕ್ಷಣ ಕಾಯ್ದೆ ಊಟ ಕೊಡೋದನ್ನು ಸ್ಥಳೀಯ ಆಡಳಿತದ ಕರ್ತವ್ಯ ಮಾಡಿತು. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಬಂದು ಆ ಕರ್ತವ್ಯವನ್ನು ತೆಗೆಯಿತು. ಬಡ ಮಕ್ಕಳ ಉಚಿತ ಊಟ ಬಿಟ್ಟರೆ ಉಳಿದವರಿಗೆ ಕೊಡಲೇಬೇಕೆಂದಿಲ್ಲ, ಪೌಷ್ಟಿಕಾಂಶದ ಮಾನದಂಡವೂ ಇಲ್ಲ. 1988ರ ಕಾನೂನು ಕೇಟರಿಂಗನ್ನು ಟೆಂಡರಿಗೆ ಹಾಕಿ ಅಂತ ಕಡ್ಡಾಯ ಮಾಡಿತು. ಟೆಂಡರ್ ಅಂದರೆ ಗೊತ್ತಲ್ಲ, ಕಡಿಮೆ ರೇಟು ಹೇಳಿದವನಿಗೆ ಕೆಲಸ. ಎಷ್ಟೋ ಶಾಲೆಗಳಲ್ಲಿ ಅಡುಗೆಮನೆಯೇ ಹೋಗಿ ಬಿಸಿ ಮಾಡೋ ಕೋಣೆ ಉಳೀತು. 2001ರಲ್ಲಿ ಲೇಬರ್ ಸರ್ಕಾರ ಹೆಸರಿಗೆ ಕೆಲವು ಮಾನದಂಡ ವಾಪಸ್ ತಂದಿತ್ತು. ದುಡ್ಡು ಕೊಡದೆ ಮಾನದಂಡ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ಕಿಡ್‌ಬ್ರೂಕ್ ಅಡುಗೆಮನೆಯೇ ಸಾಕ್ಷಿ.

ಇಲ್ಲಿ ಜೇಮಿ ಮಾಡಿದ ಕೆಲಸವನ್ನು ನಾನು ಮುಕ್ತವಾಗಿ ಮೆಚ್ಚುತ್ತೀನಿ. ಆತ ಆ ಸಂಖ್ಯೆಯನ್ನು ಹಿಡಿದುಕೊಂಡು ಟೀವಿಯಲ್ಲಿ ಕೂಗಾಡಿದ. 2,71,677 ಸಹಿ ಸಂಗ್ರಹಿಸಿ 2005ರ ಮಾರ್ಚ್ 30ಕ್ಕೆ ಡೌನಿಂಗ್ ಸ್ಟ್ರೀಟಿಗೆ ತಗೊಂಡು ಹೋದ. ಚುನಾವಣೆ ಬಾಗಿಲಲ್ಲಿತ್ತು. ಟೋನಿ ಬ್ಲೇರ್ ಸರ್ಕಾರ 28 ಕೋಟಿ ಪೌಂಡ್ ಘೋಷಿಸಿತು. ಪ್ರೈಮರಿ ಮಕ್ಕಳ ಊಟದ ಸಾಮಾನಿಗೆ ಕನಿಷ್ಠ 50 ಪೆನ್ಸ್, ಸೆಕೆಂಡರಿಗೆ ಕನಿಷ್ಠ 60 ಪೆನ್ಸ್. ಮುಂದಿನ ವರ್ಷದಿಂದ ಹೊಸ ಮಾನದಂಡಗಳು ಬಂದವು, ಕರಿದ ತಿಂಡಿಗೆ ವಾರಕ್ಕೆ ಇಷ್ಟೇ ಅಂತ ಮಿತಿ ಬಂತು.

ಫಲ ಸಿಕ್ಕಿತಾ? ಮಿಶೆಲ್ ಬೆಲೋ ಮತ್ತು ಜೊನಾಥನ್ ಜೇಮ್ಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಗ್ರೀನಿಚ್ ಶಾಲೆಗಳನ್ನು ಸುತ್ತಮುತ್ತಲ ಪ್ರದೇಶದ ಶಾಲೆಗಳ ಜೊತೆ ಹೋಲಿಸಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಇಂಗ್ಲಿಷ್ ಮತ್ತು ಸೈನ್ಸ್ ಫಲಿತಾಂಶ ಸುಧಾರಿಸಿತ್ತು. ಕಾಯಿಲೆ ಕಸಾಲೆ ಅಂತ ಅನುಮತಿ ಪಡೆದು ರಜೆ ಹಾಕೋದು ಶೇಕಡ 14ರಷ್ಟು ಇಳಿದಿತ್ತು. ಒಬ್ಬನೇ ಒಬ್ಬ ಅಪ್ಪ ಅಮ್ಮನಿಗೂ ಉಪದೇಶ ಮಾಡದೆ!

ಈಗ ಇದೇ ಮನುಷ್ಯ ಮಾಡಿದ ಇನ್ನೊಂದು ಕೆಲಸ ನೋಡಿ.

2006ರ ಸೆಪ್ಟೆಂಬರಿನಲ್ಲಿ ಯಾರ್ಕ್‌ಷೈರಿನ ರಾಥರಮ್ ಹತ್ತಿರದ ರಾಮಾರ್ಶ್ ಶಾಲೆಯಲ್ಲಿ ಹೊಸ ಮೆನು ಬಂತು. ಮಧ್ಯಾಹ್ನ ಮಕ್ಕಳು ಹೊರಗೆ ಹೋಗೋಹಾಗಿಲ್ಲ ಅಂತಲೂ ಆಯ್ತು. ಕೆಲವು ಅಮ್ಮಂದಿರು ಅಂಗಡಿಯಿಂದ ಬರ್ಗರು, ಫಿಶ್ ಅಂಡ್ ಚಿಪ್ಸ್ ತಂದು ಶಾಲೆಯ ಕಂಬಿ ಬೇಲಿಯ ಸಂದಿಯಿಂದ ಮಕ್ಕಳಿಗೆ ಕೊಡೋಕೆ ಶುರು ಮಾಡಿದರು. ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಟ್ಯಾಬ್ಲಾಯ್ಡುಗಳಿಗೆ ಹಬ್ಬ. ಅವರನ್ನು ಪಾಪಿಗಳು ಅಂದರು, ದಡ್ಡಿಯರು ಅಂದರು. ಜೇಮಿಯೂ ಬಾಯಿಗೆ ಬಂದಂತೆ ಅಂದ. ಅವರ ಮಾತೇನಿತ್ತು? ಊಟ ರುಚಿಯಿಲ್ಲ, ರೇಟು ಜಾಸ್ತಿ, ಕೊಡೋ ಸಮಯದಲ್ಲಿ ಮಕ್ಕಳಿಗೆ ಸರಿಯಾಗಿ ಊಟ ಸಿಗ್ತಿಲ್ಲ. ಅಂದರೆ ಇದು ಬಳಕೆದಾರರ ದೂರು. ನಮ್ಮ ಫೀಲ್ಡಿನಲ್ಲಿ ಇಂಥ ದೂರು ಬಂದರೆ ಮ್ಯಾನೇಜರು "ಯೂಸರ್ ದಡ್ಡ" ಅಂತ ಟಿಕೆಟ್ ಮುಚ್ಚೋಕೆ ಬಿಡಲ್ಲ. ಅಲ್ಲಿ ಇಡೀ ದೇಶವೇ ಹಾಗೆ ಮುಚ್ಚಿತು.

ಎರಡು ವರ್ಷ ಬಿಟ್ಟು ಜೇಮಿ ಅದೇ ರಾಥರಮ್ಮಿಗೆ ಹೋದ. 'ಮಿನಿಸ್ಟ್ರಿ ಆಫ್ ಫುಡ್' ಅಂತ 2008ರ ಸರಣಿ. ಕೆಲವರಿಗೆ ಅಡುಗೆ ಕಲಿಸೋದು, ಅವರು ತಲಾ ಇಬ್ಬರಿಗೆ ಕಲಿಸೋದು, ಆ ಇಬ್ಬರು ಮತ್ತಿಬ್ಬರಿಗೆ... ಹೀಗೆ ಊರೆಲ್ಲ ಹರಡಬೇಕು ಅಂತ ಲೆಕ್ಕ. ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ಹುಡುಗನೂ ಹೇಳ್ತಾನೆ, ಎರಡರ ಘಾತ ಕಾಗದದ ಮೇಲೆ ಬಹಳ ಚಂದ ಅಂತ. ನಡುವೆ ಒಬ್ಬೊಬ್ಬರು ಕೈಬಿಟ್ಟರೂ ಸರಪಳಿ ಕಡಿಯುತ್ತೆ. ಕಡೀತು. ಕಲಿತವರಿಗೆ ಅಡುಗೆ ಬಂತು, ಸಂತೋಷ. ಊರಿನ ಊಟ ಬದಲಾಗಲಿಲ್ಲ.

2010ರಲ್ಲಿ ಅಮೆರಿಕಕ್ಕೆ ಹೋದ. ವೆಸ್ಟ್ ವರ್ಜೀನಿಯಾದ ಹಂಟಿಂಗ್ಟನ್ ಪಟ್ಟಣ, 'ಫುಡ್ ರೆವಲ್ಯೂಷನ್'. ಆ ವರ್ಷ ಎಮ್ಮಿಯೂ ಬಂತು, ಟೆಡ್ ಪ್ರೈಜೂ ಬಂತು. ಅದರಲ್ಲೊಂದು ದೃಶ್ಯ ಇದೆ, ನೋಡಿರಬಹುದು. ಚಿಕ್ಕ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಕೋಳಿಯ ಒಳ್ಳೆ ಮಾಂಸ ಎಲ್ಲ ತೆಗೆದು, ಉಳಿದ ಮೂಳೆ, ಚರ್ಮ, ಅದೂ ಇದೂ ಮಿಕ್ಸಿಗೆ ಹಾಕಿ ರುಬ್ಬಿ, ಅದರಲ್ಲಿ ನಗೆಟ್ ತಟ್ಟಿ ತೋರಿಸ್ತಾನೆ. ಮಕ್ಕಳು "ಥೂ, ಛೀ" ಅಂತಾರೆ. ಬಾಣಲೆಯಿಂದ ತೆಗೆದು "ಈಗಲೂ ಯಾರಿಗೆ ಬೇಕು?" ಅಂತ ಕೇಳ್ತಾನೆ. ಕೈಗಳು ಮೇಲೆ ಹೋಗ್ತವೆ! ಯಾಕ್ರೋ ಅಂದರೆ, ಹಸಿವಾಗಿದೆ ಅಂತಾರೆ. ಜೇಮಿಯ ಮುಖ ನೋಡಬೇಕು ಆಗ.

"ಜನರಿಗೆ ತಿಳುವಳಿಕೆ ಕೊಟ್ಟರೆ ಸಾಕು, ಸರಿಯಾದದ್ದನ್ನೇ ತಿನ್ನುತ್ತಾರೆ" ಅನ್ನೋ ಸಿದ್ಧಾಂತಕ್ಕೆ ಆರೇಳು ವರ್ಷದ ಮಕ್ಕಳು ಕೊಟ್ಟ ಉತ್ತರ ಅದು. ನಮ್ಮ ದೊಡ್ಡವರ ಕಥೆಯೂ ಅಷ್ಟೇ. ಸಿಗರೇಟಿನ ಪ್ಯಾಕಿನ ಮೇಲೆ ಬರೆದಿರೋದನ್ನು ಓದೋಕೆ ಬಾರದವರು ನಮ್ಮ ಟೀಮಿನಲ್ಲಿ ಯಾರೂ ಇಲ್ಲ.

ಆದರೆ ಜೇಮಿ ಪಾಠ ಕಲಿಯಲಿಲ್ಲ. 2013ರಲ್ಲಿ ಒಂದು ಸಂದರ್ಶನದಲ್ಲಿ, ಬಡ ಮನೆಗಳಲ್ಲಿ ಡಬ್ಬಿಯಲ್ಲಿ ಚೀಸ್ ಹಾಕಿದ ಚಿಪ್ಸ್ ತಿನ್ನುತ್ತಾ ಕೂತಿರ್ತಾರೆ, ಹಿಂದೆ ನೋಡಿದರೆ ಇಷ್ಟು ದೊಡ್ಡ ಟೀವಿ ಅನ್ನೋ ಅರ್ಥದ ಮಾತಾಡಿದ. ಇಟಲಿ ಸ್ಪೇನುಗಳ ಬಡವರು ಎಷ್ಟು ಚೆನ್ನಾಗಿ ಅಡುಗೆ ಮಾಡ್ಕೋತಾರೆ ಅಂತ ಹೋಲಿಕೆ ಬೇರೆ. ಟೀವಿಯಿಂದ ಶ್ರೀಮಂತನಾದವನಿಗೆ ಬೇರೆಯವರ ಮನೆಯ ಟೀವಿ ಕಣ್ಣು ಕುಕ್ಕಬಾರದಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತಿಂಗಳ ಕೊನೆಯಲ್ಲಿ ಕೈಯಲ್ಲಿ ಹತ್ತು ಪೌಂಡ್ ಇರೋ ತಾಯಿ ಚಿಪ್ಸ್ ಯಾಕೆ ತರ್ತಾಳೆ? ಸೋಮಾರಿತನದಿಂದಲ್ಲ. ಎರಡು ಶಿಫ್ಟ್ ಮುಗಿಸಿ ಬಂದಿರ್ತಾಳೆ. ಆ ದೇಶದಲ್ಲಿ ಬಡವರ ಮನೆಗಳಲ್ಲಿ ಮುಂಚೆಯೇ ದುಡ್ಡು ಹಾಕಿಸೋ ಮೀಟರು ಇರುತ್ತೆ, ನಮ್ಮ ಪ್ರೀಪೇಯ್ಡ್ ಸಿಮ್ ಥರ. ಓವನ್ ಒಂದು ಗಂಟೆ ಉರಿದರೆ ಮೀಟರಿನಲ್ಲಿ ದುಡ್ಡು ಕರಗೋದು ಕಣ್ಣೆದುರೇ ಕಾಣುತ್ತೆ. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಮಕ್ಕಳು ಹೊಸ ತರಕಾರಿಯನ್ನು ಮೊದಲ ಸಲಕ್ಕೇ ತಿನ್ನಲ್ಲ, ನಾಲ್ಕಾರು ಸಲ ಉಗೀತಾರೆ. ನನ್ನ ಮನೆಯಲ್ಲಿ ಅದು ತಟ್ಟೆಯಲ್ಲಿ ಉಳಿದರೆ ಒಂದು ಪಲ್ಯ ಹಾಳು, ಆಮೇಲೆ ಮೊಸರನ್ನ ಇದ್ದೇ ಇದೆ. ಅವಳ ಮನೆಯಲ್ಲಿ ಅದು ರಾತ್ರಿಯ ಊಟವೇ ಹಾಳು. ಹಾಗಾಗಿ ಮಗು ಖಂಡಿತ ತಿನ್ನೋದನ್ನೇ ತರ್ತಾಳೆ. ಇದರಲ್ಲಿ ಅಜ್ಞಾನ ಎಲ್ಲಿದೆ ತೋರಿಸಿ. ನನಗಂತೂ ಪಕ್ಕಾ ಲೆಕ್ಕಾಚಾರ ಕಾಣುತ್ತೆ. ಶಾಲೆಯ ಊಟದ ಮಹತ್ವವೂ ಇಲ್ಲೇ ಇರೋದು. ಮಗು ಹತ್ತು ಸಲ ಬ್ರಾಕಲಿ ಉಗಿಯೋ ಖರ್ಚನ್ನು ಅಲ್ಲಿ ಸರ್ಕಾರ ಹೊರುತ್ತೆ.

(ನಮ್ಮಕ್ಕನ ಮಗ ಮಿಲ್ಟನ್ ಕೀನ್ಸ್‌ನಲ್ಲಿ ಓದ್ತಾನೆ. 2014ರಿಂದ ಇಂಗ್ಲೆಂಡಿನಲ್ಲಿ ಶಾಲೆಯ ಮೊದಲ ಮೂರು ವರ್ಷ ಎಲ್ಲ ಮಕ್ಕಳಿಗೂ ಊಟ ಫ್ರೀ. ಮನೆಯಲ್ಲಿ ಹುರುಳಿಕಾಯಿ ಪಲ್ಯ ಕಂಡರೆ ಓಡ್ತಿದ್ದವನು ಶಾಲೆಯಲ್ಲಿ ಬೇಯಿಸಿದ ಬಟಾಣಿ, ಕ್ಯಾರೆಟ್ ಎಲ್ಲ ತಿಂತಾನಂತೆ, ಪಕ್ಕದ ಹುಡುಗ ತಿನ್ನುತ್ತಾನೆ ಅಂತ. ಅಕ್ಕನಿಗೆ ಅವಮಾನ :) )

ಇನ್ನು ಸಕ್ಕರೆಯ ಕಥೆ. ನನ್ನ ಪ್ರಕಾರ ಜೇಮಿ ವೃತ್ತಿಜೀವನದ ಅತ್ಯುತ್ತಮ ಕೆಲಸ ಇದು, ಅಡುಗೆಗೆ ಸಂಬಂಧವೇ ಇಲ್ಲದ್ದು. 2015ರಲ್ಲಿ 'ಶುಗರ್ ರಶ್' ಮಾಡಿದ. 2014ರಿಂದ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿದ್ದ ಮೆಕ್ಸಿಕೊಗೆ ಹೋಗಿ ನೋಡಿಬಂದ. ತನ್ನ ಹೋಟೆಲುಗಳಲ್ಲಿ ಸಕ್ಕರೆ ಪಾನೀಯಕ್ಕೆ ತಾನೇ 10 ಪೆನ್ಸ್ ಹೆಚ್ಚಿಗೆ ಹಾಕಿದ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಅವನೊಬ್ಬನಿಂದ ಆಗಿದ್ದಲ್ಲ, ವೈದ್ಯರು, ಆರೋಗ್ಯ ಸಂಘಟನೆಗಳು ವರ್ಷಗಟ್ಟಲೆ ಬಡಿದಾಡಿದ್ದರು. ಆದರೆ ಕ್ಯಾಮರಾ ತಂದವನು ಇವನು. 2016ರ ಬಜೆಟ್ಟಿನಲ್ಲಿ ಜಾರ್ಜ್ ಆಸ್ಬೋರ್ನ್ ಘೋಷಿಸಿದರು, 2018ರ ಏಪ್ರಿಲ್ 6ರಿಂದ ಜಾರಿ.

ಇದರ ಡಿಸೈನ್ ನೋಡಿ, ಇಂಜಿನಿಯರುಗಳಿಗೆ ಖುಷಿಯಾಗುತ್ತೆ. 100 ಮಿಲಿಲೀಟರಿನಲ್ಲಿ 5 ಗ್ರಾಮಿಗಿಂತ ಕಡಿಮೆ ಸಕ್ಕರೆ ಇದ್ದರೆ ತೆರಿಗೆ ಸೊನ್ನೆ. 5 ದಾಟಿದರೆ ಲೀಟರಿಗೆ 18 ಪೆನ್ಸ್. 8 ಮುಟ್ಟಿದರೆ 24 ಪೆನ್ಸ್ (ಆಗಿನ ದರ). ಕಟ್ಟಬೇಕಾದ್ದು ಕುಡಿಯೋನಲ್ಲ, ತಯಾರಿಸೋ ಕಂಪನಿ. ತಯಾರಿಗೆ ಎರಡು ವರ್ಷ ಸಮಯ. ಕಂಪನಿಗಳು ಏನು ಮಾಡಿದವು? ಸುಮ್ಮನೆ ಸಕ್ಕರೆ ಕಡಿಮೆ ಮಾಡಿದವು. ಸ್ಕಾಟ್ಲೆಂಡಿನ ಅಚ್ಚುಮೆಚ್ಚಿನ ಅರ್ನ್-ಬ್ರೂ 10.3 ಗ್ರಾಮಿನಿಂದ 4.7ಕ್ಕೆ ಇಳೀತು. ಹಳೇ ರುಚಿಯ ಬಾಟಲಿಗಳನ್ನು ಜನ ಮನೆಯಲ್ಲಿ ಪೇರಿಸಿಟ್ಟುಕೊಂಡರು, ಪಾಪ. ಮೊದಲ ವರ್ಷ ಸುಮಾರು 52 ಕೋಟಿ ಪೌಂಡ್ ಬರುತ್ತೆ ಅಂದುಕೊಂಡಿದ್ದ ತೆರಿಗೆಯಲ್ಲಿ ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ. ವಸೂಲಾಗದೆ ಗೆದ್ದ ತೆರಿಗೆ!

ಕೇಂಬ್ರಿಜ್ ಸಂಶೋಧಕರು ಲೆಕ್ಕ ಹಾಕಿದರು. ಒಂದು ವರ್ಷದ ನಂತರ ಜನ ಕೊಳ್ಳೋ ಪಾನೀಯದ ಪ್ರಮಾಣ ಕಡಿಮೆಯಾಗಿರಲಿಲ್ಲ, ಆದರೆ ಅದರಿಂದ ಮನೆಗೆ ಬರೋ ಸಕ್ಕರೆ ವಾರಕ್ಕೆ ಸುಮಾರು 30 ಗ್ರಾಂ ಇಳಿದಿತ್ತು. 2023ರ ಇನ್ನೊಂದು ಅಧ್ಯಯನದಲ್ಲಿ 10-11 ವಯಸ್ಸಿನ ಹುಡುಗಿಯರ ಬೊಜ್ಜು, ತೆರಿಗೆ ಇಲ್ಲದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಶೇಕಡ 8ರಷ್ಟು ಕಡಿಮೆ ಕಂಡಿತು. ಹುಡುಗರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡಬೇಕು. ಯಾರೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗಲಿಲ್ಲ. ಕೋಡ್ ಬರೆಯೋ ಎಲ್ಲರಿಗೂ ಗೊತ್ತಿರೋ ವಿಷಯ ಇದು: ಸಾಫ್ಟ್‌ವೇರಿನಲ್ಲಿ ಡಿಫಾಲ್ಟ್ ಸೆಟ್ಟಿಂಗನ್ನು ಹೆಚ್ಚಿನವರು ಮುಟ್ಟೋದೇ ಇಲ್ಲ. ನೂರು ಪುಟದ ಮ್ಯಾನ್ಯುಯಲ್ ಬರೆಯೋ ಬದಲು ಡಿಫಾಲ್ಟ್ ಸರಿ ಮಾಡಿ.

"ಇದು ಸರ್ಕಾರ ಅಮ್ಮನ ಥರ ಆಡೋದು, ಏನು ತಿನ್ನಬೇಕು ಅನ್ನೋದು ನನ್ನ ಸ್ವಾತಂತ್ರ್ಯ" ಅನ್ನೋ ವಾದ ಬರುತ್ತೆ. ಹೌದೇ? ಟ್ವಿಜ್ಲರನ್ನು ಶಾಲೆಗೆ ತಂದದ್ದು ಮಕ್ಕಳ ಸ್ವಾತಂತ್ರ್ಯವಾ, 1980 ಮತ್ತು 1988ರ ಕಾನೂನುಗಳಾ? ತಟ್ಟೆಗೆ ಏನು ಬೀಳಬೇಕು ಅಂತ ಯಾರೋ ಒಬ್ಬರು ನಿರ್ಧಾರ ಮಾಡಿಯೇ ಇರ್ತಾರೆ. ಟೆಂಡರ್ ಗೆದ್ದವನು ಮಾಡಿದರೆ ಅದು ಸ್ವಾತಂತ್ರ್ಯ, ಪಾರ್ಲಿಮೆಂಟು ಮಾಡಿದರೆ ದಬ್ಬಾಳಿಕೆ! ಯಾವ ಲಾಜಿಕ್ಕು ಇದು?

ಇನ್ನು "ಅವನೇ ಡೋಂಗಿ" ಅನ್ನೋರಿಗೆ. ಪುರಾವೆಗೇನೂ ಕೊರತೆಯಿಲ್ಲ, ನಾನೇ ಕೊಡ್ತೀನಿ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ಅಧ್ಯಯನದಲ್ಲಿ ಟೀವಿ ಬಾಣಸಿಗರ 100 ರೆಸಿಪಿ, ಸೂಪರ್‌ಮಾರ್ಕೆಟ್ಟಿನ 100 ರೆಡಿಮೇಡ್ ಊಟ ಹೋಲಿಸಿದರು. ಜೇಮಿಯದ್ದೂ ಸೇರಿದಂತೆ ಬಾಣಸಿಗರ ರೆಸಿಪಿಗಳೇ ಹೆಚ್ಚು ಕೊಬ್ಬಿನವು ಅಂತಾಯ್ತು, ಯಾವುದೂ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸನ್ನು ಪೂರ್ತಿ ಮುಟ್ಟಲಿಲ್ಲ. 2019ರಲ್ಲಿ ಶೆಲ್ ಪೆಟ್ರೋಲ್ ಬಂಕುಗಳಲ್ಲಿ ಅವನ ಹೆಸರಿನ ಸ್ಯಾಂಡ್‌ವಿಚ್ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ಅವನ ಹೋಟೆಲ್ ವ್ಯವಹಾರ ಮುಳುಗಿ 25ರಲ್ಲಿ 22 ಹೋಟೆಲ್ ಮುಚ್ಚಿದವು, ಸುಮಾರು 1000 ಜನರ ಕೆಲಸ ಹೋಯ್ತು. ಆ ಸಾವಿರ ಜನರ ಸಿಟ್ಟು ನ್ಯಾಯವಾದದ್ದು, ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಆದರೆ ಜೇಮಿಯ ರೆಸಿಪಿಯಲ್ಲಿ ಬೆಣ್ಣೆ ಜಾಸ್ತಿ ಅನ್ನೋ ಕಾರಣಕ್ಕೆ 37 ಪೆನ್ಸ್ ಸಾಕಾಗಿತ್ತು ಅಂತ ಆಗೋದಿಲ್ಲವಲ್ಲ.

ಕಂಪನಿಗಳಿಗೆ, ಸರ್ಕಾರಗಳಿಗೆ ಉಪದೇಶ ಮಾಡೋ ಜೇಮಿಯೇ ಯಾಕೆ ಇಷ್ಟ ಅಂತ ಈಗ ಹೇಳ್ತೀನಿ. ಅವನು ರಾಥರಮ್ಮಿನ ತಾಯಿಯನ್ನು ಬೈತಿರೋತನಕ ಖಜಾನೆಯಿಂದ ಒಂದು ಪೈಸೆ ಹೋಗಲ್ಲ, ಫ್ಯಾಕ್ಟರಿಯಲ್ಲಿ ಒಂದು ಮಿಷಿನ್ ಬದಲಾಗಲ್ಲ. ತಪ್ಪು ಅವಳದು, ಅಡುಗೆ ಕಲಿಯಬೇಕಾದವಳು ಅವಳು. ಎಂಥ ಅನುಕೂಲ! ಅದೇ ಅವನು ಸಂಖ್ಯೆ ಹಿಡಿದುಕೊಂಡು ಡೌನಿಂಗ್ ಸ್ಟ್ರೀಟಿಗೆ ಬಂದಾಗ ಎಲ್ಲರಿಗೂ ಮೀಟಿಂಗ್ ಇರುತ್ತೆ.

2022ರ ಮೇ ತಿಂಗಳಲ್ಲಿ ಹಾಗೆ ಬಂದಿದ್ದ. ಕುರುಕಲು ತಿಂಡಿಗೆ "ಒಂದು ಕೊಂಡರೆ ಒಂದು ಉಚಿತ" ಆಫರು ನಿಲ್ಲಿಸೋದನ್ನೂ, ರಾತ್ರಿ 9ಕ್ಕೆ ಮುಂಚೆ ಟೀವಿಯಲ್ಲಿ ಅದರ ಜಾಹೀರಾತು ನಿಲ್ಲಿಸೋದನ್ನೂ ಬೋರಿಸ್ ಜಾನ್ಸನ್ ಸರ್ಕಾರ ಮುಂದೂಡಿತ್ತು. ಜೇಮಿ ಕೈಯಲ್ಲಿ ಈಟನ್ ಮೆಸ್ ಹಿಡಿದು ನಿಂತ. ಸ್ಟ್ರಾಬೆರಿ, ಕೆನೆ ಕಲಸಿ ಮಾಡೋ ಸಿಹಿ ಅದು, ಹೆಸರಿನ ಇಂಗ್ಲಿಷ್ ಅರ್ಥ ಈಟನ್ನಿನ ರಾಡಿ ಅಂತಲೂ ಆಗುತ್ತೆ. ಜಾನ್ಸನ್ ಓದಿದ್ದು ಅದೇ ಈಟನ್ ಶಾಲೆಯಲ್ಲಿ. ಎಲ್ಲರೂ ನಕ್ಕರು, ಫೋಟೋ ತೆಗೆದರು. ಆಫರಿನ ನಿಷೇಧ ಜಾರಿಯಾದದ್ದು 2025ರ ಅಕ್ಟೋಬರ್ 1ಕ್ಕೆ. ಜಾಹೀರಾತಿನದ್ದು 2026ರ ಜನವರಿ 5ಕ್ಕೆ, ಅದೂ ತಿಂಡಿ ತೋರಿಸದೆ ಬರೀ ಬ್ರ್ಯಾಂಡ್ ತೋರಿಸಿದರೆ ಪರವಾಗಿಲ್ಲ ಅನ್ನೋ ವಿನಾಯಿತಿ ಸಮೇತ. ಬೇಲಿ ಹತ್ತಿರ ಚಿಪ್ಸ್ ಕೊಟ್ಟ ಅಮ್ಮಂದಿರ ಫೋಟೋ ಹುಡುಕಿದರೆ ಈಗಲೂ ಸಿಗುತ್ತೆ. ಆ ವಿನಾಯಿತಿಯನ್ನು ಕಾನೂನಿನೊಳಗೆ ತೂರಿಸಿದವರ ಫೋಟೋ ಮಾತ್ರ ಯಾವ ಟ್ಯಾಬ್ಲಾಯ್ಡಿನ ಮುಖಪುಟದಲ್ಲೂ ನಾನು ನೋಡಿಲ್ಲ.